ಕೆಂಪು ಟೋಪಿ ಹೆಣೆಯದ ವರ್ಷ

ಆ ವರ್ಷ ಫುಸಾಯೆ ಉಣ್ಣೆಯ ಬುಟ್ಟಿಯನ್ನು ಅಟ್ಟದಿಂದ ಇಳಿಸಲೇ ಇಲ್ಲ.

ನಮ್ಮ ಬೆಟ್ಟದೂರು ತೊಚಿಹಾರದಲ್ಲಿ ಇದು ಸಣ್ಣ ಸುದ್ದಿಯಲ್ಲ. ಮೂಲಂಗಿ ಕಿತ್ತು ಒಣಹಾಕಿ, ಸೊಪ್ಪನ್ನು ಉಪ್ಪಿನಲ್ಲಿ ಅದುಮಿ, ಪೀಪಾಯಿಯ ಮೇಲೆ ಕಲ್ಲು ಹೇರಿದ ಮೇಲೆ ಊರಿನ ಹೆಂಗಸರಿಗೆ ನಾಲ್ಕು ದಿನ ಬಿಡುವು. ಆ ಬಿಡುವಿನಲ್ಲಿ ಫುಸಾಯೆ ಬೀದಿ ಕಡೆಯ ಕಿಟಕಿಯಲ್ಲಿ ಕೂತು, ಹಿಮದಲ್ಲಿ ಜಾರಲು ಕಲಿಸುವ ಸ್ಕೀ ಶಾಲೆಯ ಮೇಷ್ಟ್ರುಗಳಿಗೆ ಕೆಂಪು ಟೋಪಿ ಹೆಣೆಯುತ್ತಿದ್ದಳು. ಹಾದು ಹೋಗುವವರು ಅವಳ ಕೈಯಲ್ಲಿ ಕೆಂಪು ಕಂಡರೆ ಸಾಕು, ಮನೆಗೆ ಹೋಗಿ ಹಿಮ ಎತ್ತುವ ಸಲಿಕೆ ಹೊರಗೆ ತೆಗೆಯುತ್ತಿದ್ದರು. ಮೂವತ್ತು ವರ್ಷ ಹಾಗೇ ನಡೆದಿತ್ತು. ಈಗ ಕಿಟಕಿ ಖಾಲಿ. ಕೇಳಿದವರಿಗೆಲ್ಲ ಅವಳು ‘ಕೈ ನೋವು’ ಅಂದಳು. ಕೈ ನೋವಿನ ಹೆಂಗಸು ತಾನು ನಡೆಸುವ ಅತಿಥಿಮನೆಯ ಅಷ್ಟೂ ಹಾಸಿಗೆಗಳನ್ನು ಒಬ್ಬಳೇ ಹೊತ್ತು ಬಿಸಿಲಿಗೆ ಹಾಕಿದ್ದನ್ನು ಊರೆಲ್ಲ ನೋಡಿತ್ತು.

ಆ ವರ್ಷ ಹೆಣೆಯಬೇಕಾಗಿದ್ದದ್ದು ಒಂದೇ ಒಂದು ಟೋಪಿ. ಅದೂ ಅವಳ ಸ್ವಂತ ಮಗಳು ಚಿತೊಸೆಗೆ. ಮಾತ್ಸುಮೊತೊ ಪಟ್ಟಣದ ಶಾಲೆಯಲ್ಲಿ ಆಟದ ಮೇಡಂ ಆಗಿದ್ದ ಹುಡುಗಿ ಆ ಕೆಲಸ ಬಿಟ್ಟು ಊರಿಗೆ ಬಂದು, ಪರೀಕ್ಷೆ ಗೆದ್ದು, ತೊಚಿಹಾರದ ಸ್ಕೀ ಶಾಲೆಗೆ ಮೊಟ್ಟಮೊದಲ ಹೆಣ್ಣು ಮೇಷ್ಟ್ರಾಗಿ ಸೇರುವವಳಿದ್ದಳು. ಡಿಸೆಂಬರಿನಲ್ಲಿ ಸ್ಕೀ ಆಡುವವರಿಗೆ ಬೆಟ್ಟ ತೆರೆಯುವ ದಿನ ಶಾಲೆಯ ಮುಖ್ಯಸ್ಥ, ಅಂದರೆ ಅವಳ ಅಪ್ಪ ಕ್ಯೂಜೊ, ಎಲ್ಲರ ಮುಂದೆ ಅವಳ ತಲೆಗೆ ಕೆಂಪು ಟೋಪಿ ಇಡಬೇಕು. ಅಂದಿನಿಂದ ಅವಳು ಮೇಷ್ಟ್ರು. ಅಂದಿನಿಂದ ಬರಿಯ ಉಣ್ಣೆ ಹೊತ್ತ ತಲೆಯಲ್ಲಿ ಆ ಬೆಟ್ಟವನ್ನು ಇಳಿಯಬೇಕು. ಫುಸಾಯೆಗೆ ಬೇಡವಾಗಿದ್ದದ್ದು ಈ ಎರಡನೆಯದು.

ಫುಸಾಯೆ ಈ ಊರಿನವಳಲ್ಲ. ಸಮುದ್ರದ ಕಡೆಯ ಮೀನುಗಾರರ ಮಗಳು. ಮದುವೆಯಾಗಿ ಬಂದ ಮೊದಲ ಚಳಿಗಾಲ ಹಿಮ ಕೆಳಮಹಡಿಯ ಕಿಟಕಿಗಳನ್ನೆಲ್ಲ ಮುಚ್ಚಿದಾಗ ಅಡುಗೆಮನೆಯಲ್ಲಿ ಕೂತು ಅತ್ತಳು. ಅತ್ತೆ ಬಂದವರ ಮುಂದೆಲ್ಲ, “ನಮ್ ಸೊಸೆ ಸಮುದ್ರದೋಳು, ಹಿಮ ಅಂದ್ರೆ ಉಪ್ಪು ಅನ್ಕೊಂಡಿದ್ದಾಳೆ, ಸಾರಿಗೆ ಹಾಕದೇ ಇದ್ರೆ ಸಾಕು” ಅಂತ ಆಡಿಕೊಂಡು ನಗುತ್ತಿದ್ದಳು. ಫುಸಾಯೆ ಹಟಮಾರಿ. ಎರಡನೆಯ ಚಳಿಗಾಲಕ್ಕೆ ಸ್ಕೀ ಕಟ್ಟಿಕೊಂಡು ಇಳಿಜಾರಿಗೆ ಹೋದಳು, ಊರಿನ ಮಕ್ಕಳೆಲ್ಲ ನೋಡಿ ನಗುವಷ್ಟು ಬಿದ್ದಳು, ಮೂರನೆಯ ಚಳಿಗಾಲಕ್ಕೆ ಅತ್ತೆಗೆ ಔಷಧ ತರಲು ಕೆಳಗಿನ ಊರಿಗೆ ಸ್ಕೀಯಲ್ಲೇ ಹೋಗಿ ಬಂದಳು. ಆಮೇಲೆ ಅತ್ತೆ ಉಪ್ಪಿನ ಮಾತು ಎತ್ತಲಿಲ್ಲ.

ಹೆಣಿಗೆ ಕಲಿಸಿದ್ದು ಎದುರುಮನೆಯ ಹಾತ್ಸುಕೊ. ಫುಸಾಯೆಗಿಂತ ನಾಲ್ಕೈದು ವರ್ಷ ದೊಡ್ಡವಳು, ಸೋಯಾ ಹಾಲು ಒಡೆಸಿ ತೋಫು ಮಾಡಿ ಮಾರುವವಳು, ಬಾಯಿ ಸ್ವಲ್ಪ ಜೋರು. ಬಲೆ ಹೊಲಿಯಲು ಬರುವ ಕೈಗೆ ಉಣ್ಣೆ ಹೆಣೆಯಲು ಬರದೇ ಇರುತ್ತದಾ ಅಂತ ಎರಡು ಕಡ್ಡಿ ತಂದು ಮಡಿಲಲ್ಲಿ ಹಾಕಿದಳು. ಹಾತ್ಸುಕೊಳ ಗಂಡ ಬೇಗ ತೀರಿಕೊಂಡ. ಅವಳ ಮಗ ಇಸಾಮು ಅರ್ಧ ಫುಸಾಯೆಯ ಮನೆಯಲ್ಲೇ ಬೆಳೆದ. ಬೆಳಗ್ಗೆ ತೋಫು ಬಾಣಲೆ ಇಳಿಸಿದ ಮೇಲೆ ಹಾತ್ಸುಕೊ ಬೀದಿ ದಾಟಿ ಬಂದು ಟೀ ಕುಡಿದು ಹೋಗುವುದು ಎಷ್ಟು ವರ್ಷದ ರೂಢಿ ಅಂತ ಇಬ್ಬರಿಗೂ ನೆನಪಿಲ್ಲ.

ಟೋಪಿಯ ವಿಷಯಕ್ಕೆ ಬರುತ್ತೇನೆ. ಹಿಮ ಜೋರಾಗಿ ಬೀಳುವಾಗ ಕಲಿಯುವವರಿಗೆ ಮೇಷ್ಟ್ರು ಕಾಣಬೇಕು, ಅದಕ್ಕೇ ಕೆಂಪು ಅಂತ ಹಳಬರು ಹೇಳುತ್ತಾರೆ. ಇರಬಹುದು. ಆದರೆ ಬರುಬರುತ್ತಾ ಅದು ಮೇಷ್ಟ್ರುಗಳ ಮೀಸೆಯಾಯಿತು. ಶಾಲೆಯ ಅಂಗಡಿಯಲ್ಲಿ ಮಕ್ಕಳಿಗೆ ಹೆಲ್ಮೆಟ್ ಬಾಡಿಗೆಗೆ ಕೊಡುವವರೂ ಇವರೇ, ‘ಪಟ್ಟಿ ಬಿಗಿ ಮಾಡ್ಕೊ, ಇಲ್ದಿದ್ರೆ ಬೆಟ್ಟಕ್ಕೆ ಹೋಗೋ ಲಿಫ್ಟ್ ಹತ್ತಿಸಲ್ಲ’ ಅಂತ ಗದರುವವರೂ ಇವರೇ. ಗದರಿದ ಮೇಲೆ ತಾವು ಉಣ್ಣೆ ಟೋಪಿಯಲ್ಲಿ ಹೊರಡುತ್ತಾರೆ. ಒಮ್ಮೆ ಟೋಕಿಯೊದಿಂದ ಬಂದ ಪುಟ್ಟ ಹುಡುಗಿಯೊಬ್ಬಳು ಕ್ಯೂಜೊನನ್ನು, “ಮೇಷ್ಟ್ರೇ, ನಿಮ್ ತಲೆ ಕಲ್ಲಿಂದಾ?” ಅಂತ ಕೇಳಿದ್ದಳು. ಕ್ಯೂಜೊ ಅದನ್ನು ಹೊಗಳಿಕೆ ಎಂದೇ ತಿಳಿದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ. ನಮ್ಮೂರಿನ ಗಂಡಸರಿಗೆ ಹೊಗಳಿಕೆ ಎಲ್ಲೆಲ್ಲಿ ಕಾಣುತ್ತದೋ ಆ ಬೆಟ್ಟದ ದೇವರಿಗೇ ಗೊತ್ತು.

ಹೆಲ್ಮೆಟ್ ಹಾಕಿಕೊಂಡ ಮೇಷ್ಟ್ರು ಅಂದರೆ ಬೀಳುವ ಮೇಷ್ಟ್ರು. ಇದು ಯಾರೂ ಬರೆದಿಟ್ಟ ನಿಯಮವಲ್ಲ, ಎಲ್ಲರೂ ನಗುತ್ತಾ ಕಾಪಾಡಿಕೊಂಡು ಬಂದ ನಿಯಮ.

ಆ ನಗೆ ಫುಸಾಯೆಗೆ ಚೆನ್ನಾಗಿ ಗೊತ್ತು. ಮೂರು ಚಳಿಗಾಲದ ಹಿಂದೆ ಒಂದು ಬೆಳಗ್ಗೆ ಅವಳು ಸ್ಕೀ ಶಾಲೆಯ ಕೋಣೆಯಲ್ಲಿ ಟೀ ಹಂಚುತ್ತಿದ್ದಾಗ ಇಸಾಮು ಹೊಸ ಹೆಲ್ಮೆಟ್ ಹಾಕಿಕೊಂಡು ಒಳಗೆ ಬಂದ. ಆಗ ಅವನೂ ಮೇಷ್ಟ್ರು, ಊರಿನಲ್ಲೇ ಒಳ್ಳೆಯ ಸ್ಕೀಗಾರ, ಮಾತಿನ ಮಲ್ಲ. ಅವತ್ತು ಮಾತ್ರ ಸ್ವಲ್ಪ ಹುಳ್ಳಗೆ ನಗುತ್ತಾ ನಿಂತ.

ಕ್ಯೂಜೊ ಟೀ ಲೋಟ ಕೆಳಗಿಟ್ಟು, “ಏನಯ್ಯಾ, ಇವತ್ತು ಬಿದ್ದೇ ಬೀಳ್ತೀನಿ ಅಂತ ಮನೇಲೇ ತೀರ್ಮಾನ ಮಾಡ್ಕೊಂಡು ಬಂದ್ಯಾ?” ಅಂದ.

“ಅಣೆಕಟ್ಟು ಕಟ್ಟೋಕ್ ಹೊರಟಿದ್ದಾನೆ ಕಣ್ರೋ!” ಅಂದ ಇನ್ನೊಬ್ಬ.

ಎಲ್ಲರೂ ನಕ್ಕರು. ಆಗ ಫುಸಾಯೆಯ ಬಾಯಿಯೂ ಸುಮ್ಮನಿರಲಿಲ್ಲ. “ಅಯ್ಯೋ, ಬೆಳಗ್ಗೆಯಿಂದ ಅನ್ನದ ಪಾತ್ರೆ ಕಾಣ್ತಿಲ್ಲ ಅಂತ ಮನೆಯೆಲ್ಲ ಹುಡುಕ್ತಿದ್ದೆ, ನೀನು ಹೊತ್ಕೊಂಡ್ ಬಂದ್ಬಿಟ್ಯಾ!” ಅಂದಳು. ಆ ದಿನದ ಅತಿ ದೊಡ್ಡ ನಗೆ ಅವಳ ಮಾತಿಗೇ ಬಿತ್ತು. ಇಸಾಮುವೂ ನಕ್ಕ, ಕಿವಿ ಕೆಂಪಾಯಿತು, ಹೆಲ್ಮೆಟ್ ತೆಗೆದು ಬೆಂಚಿನ ಕೆಳಗೆ ತಳ್ಳಿದ, ಜೇಬಿನಿಂದ ಕೆಂಪು ಟೋಪಿ ತೆಗೆದು ಹಾಕಿಕೊಂಡ. ಮತ್ತೆ ಅದನ್ನು ತಂದವನಲ್ಲ.

ಮುಂದಿನ ವರ್ಷ ಮಾರ್ಚಿನಲ್ಲಿ ಅವನು ಬಿದ್ದ. ದೊಡ್ಡ ಇಳಿಜಾರೂ ಅಲ್ಲ, ವೇಗವೂ ಇರಲಿಲ್ಲ. ಹಗಲು ಕರಗಿದ ಹಿಮ ರಾತ್ರಿ ಗಟ್ಟಿಯಾಗಿ ಬೆಳಗ್ಗೆ ನೆಲ ಗಾಜಾಗಿತ್ತು. ಕಲಿಯುತ್ತಿದ್ದ ಮಗುವೊಂದು ಹಿಡಿತ ತಪ್ಪಿ ಅಡ್ಡ ಬಂತು. ಅದಕ್ಕೆ ತಗುಲಬಾರದು ಅಂತ ಇಸಾಮು ಹೊರಳಿಕೊಂಡ, ಹಿಂದಕ್ಕೆ ಬಿದ್ದ, ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಮಗುವೂ ಬಿದ್ದಿತ್ತು. ತಲೆಯಲ್ಲಿ ಹೆಲ್ಮೆಟ್ ಇತ್ತು, ಎದ್ದು ಕೂತು ಅತ್ತಿತು. ಇಸಾಮು ಏಳಲಿಲ್ಲ. ಆಸ್ಪತ್ರೆಯಿಂದ ಬಂದ ಅವನ ಬಟ್ಟೆಗಳಲ್ಲಿ ಕೆಂಪು ಟೋಪಿಯೂ ಇತ್ತು. ತೊಳೆಯಲು ತಂದ ಫುಸಾಯೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಂದು ಎಳೆಯೂ ಬಿಟ್ಟಿರಲಿಲ್ಲ.

ಇಸಾಮು ಬದುಕಿದ. ನಡೆಯುತ್ತಾನೆ, ಉಣ್ಣುತ್ತಾನೆ, ತೋಫುವಿನ ಬಕೆಟ್ ಎತ್ತುತ್ತಾನೆ. ಬೆಳಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ತಮಾಷೆ ಹೇಳಲು ಶುರು ಮಾಡಿ ಕೊನೆ ಮರೆತು, ಎಲ್ಲರಿಗಿಂತ ಮೊದಲು ತಾನೇ ನಗುತ್ತಾನೆ. ಮದುವೆ ಗೊತ್ತಾಗಿದ್ದ ಹುಡುಗಿ ಒಂದು ವರ್ಷ ಬಂದು ಹೋಗಿ ಮಾಡಿದಳು, ಆಮೇಲೆ ಬರಲಿಲ್ಲ. ಅವಳನ್ನು ಯಾರೂ ದೂರಲಿಲ್ಲ. ಊರು ಒಂದೇ ಮಾತು ಹೇಳಿತು: ಕೆಟ್ಟ ಗಳಿಗೆ. ಸ್ಕೀ ಶಾಲೆಯೂ ಅದನ್ನೇ ಹೇಳಿತು. ಹೆಲ್ಮೆಟ್ ಎಂಬ ಶಬ್ದಕ್ಕೆ ಆ ಕೋಣೆಯಲ್ಲಿ ಬೀಗ ಬಿತ್ತು. ಇಸಾಮು ಒಂದು ಬೆಳಗ್ಗೆ ಅದನ್ನು ಹಾಕಿಕೊಂಡು ಬಂದಿದ್ದ ಎಂಬುದು ಆ ಕೋಣೆಯಲ್ಲಿದ್ದ ಐದಾರು ಜನಕ್ಕೆ ಗೊತ್ತು. ಹಾತ್ಸುಕೊಗೆ ಗೊತ್ತಿಲ್ಲ.

ಆಗ ಚಿತೊಸೆ ಊರಲ್ಲಿರಲಿಲ್ಲ, ಅವಳಿಗೂ ಗೊತ್ತಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ, ತನ್ನ ಸರದಿ ಬಂದಾಗ ಅಮ್ಮ ಕಡ್ಡಿ ಕೆಳಗಿಟ್ಟಳು ಅಂತ.

ನವೆಂಬರಿನ ಒಂದು ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದಾಗ ಅದು ಹೊರಗೆ ಬಂತು.

“ಅಮ್ಮ, ಕೈ ನೋವು ಅಂತ ಊರಿಗೆ ಹೇಳು. ನಂಗೆ ನಿಜ ಹೇಳು.”

“ನಿಜವೇ ಹೇಳ್ತೀನಿ. ನೀನು ಹೆಲ್ಮೆಟ್ ಹಾಕ್ಕೊಂಡು ಹೋಗೋದಾದ್ರೆ ಹೋಗು. ಟೋಪಿ ಹಾಕ್ಕೊಂಡು ಹೋಗೋದಾದ್ರೆ ನನ್ ಕೈಲಿ ಹೆಣೆಸ್ಬೇಡ.”

ಚಿತೊಸೆ ಬಟ್ಟಲು ಕೆಳಗಿಟ್ಟಳು. “ಮೂವತ್ತು ವರ್ಷ ಗಂಡಸ್ರಿಗೆಲ್ಲ ಹೆಣೆದು ಕೊಟ್ಟೆ. ಒಬ್ಬರಿಗೂ ಬೇಡ ಅನ್ಲಿಲ್ಲ. ಮೊದಲನೇ ಸಲ ಒಂದು ಹೆಣ್ಣು ಬಂದ್ಲು, ಅದೂ ನಿನ್ ಮಗಳು, ಈಗ ನಿಂಗೆ ಭಯ ಬಂತು. ನಾನು ಹೆಲ್ಮೆಟ್ ಹಾಕ್ಕೊಂಡು ಹೋಗಿ ನಿಂತ್ರೆ ಅವ್ರೆಲ್ಲ ಏನಂತಾರೆ ಗೊತ್ತಾ? ‘ಹುಡುಗಿ ಅಲ್ವಾ, ಪಾಪ, ಹೆದ್ರಿಕೆ’ ಅಂತಾರೆ. ಬಾಯಿ ಬಿಟ್ಟು ಅನ್ನಲ್ಲ, ನಗ್ತಾರೆ. ಆ ನಗು ತಡ್ಕೊಳ್ಳೋಕೆ ನನ್ ಕೈಲಿ ಆಗಲ್ಲ.”

ಮಗಳ ಮಾತಿನಲ್ಲಿ ತಪ್ಪು ಹುಡುಕಲು ಫುಸಾಯೆಗೆ ಆಗಲಿಲ್ಲ. ಆ ನಗೆ ಯಾವ ಸದ್ದು ಮಾಡುತ್ತದೆ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅವಳು ಗಂಡನ ಮುಖ ನೋಡಿದಳು.

“ನೀವು ಒಂದ್ ಮಾತು ಹೇಳಿ. ಮುಖ್ಯಸ್ಥರು ನೀವು. ಎಲ್ರೂ ಹಾಕ್ಕೊಳ್ಳಿ ಅಂದ್ರೆ ಮುಗೀತು.”

ಕ್ಯೂಜೊ ಸಾರು ಕುಡಿಯುವುದನ್ನು ನಿಲ್ಲಿಸಲಿಲ್ಲ. “ಈಗ ಹಾಗಂದ್ರೆ, ಮುಂಚೆ ಯಾಕೆ ಅನ್ಲಿಲ್ಲ ಅಂತ ಕೇಳ್ತಾರೆ.”

“ಕೇಳ್ಲಿ.”

“ಕೇಳೋದು ಯಾರು ಅಂತ ಗೊತ್ತಲ್ವಾ ನಿಂಗೆ?” ಅಂದ ಅವನು. ಬೀದಿಯ ಆಚೆ ಹಾತ್ಸುಕೊಳ ಅಂಗಡಿಯಿಂದ ಆವಿ ಏಳುತ್ತಿತ್ತು. ಕ್ಯೂಜೊ ಕೆಟ್ಟವನಲ್ಲ. ಇಸಾಮು ಆಸ್ಪತ್ರೆಯಲ್ಲಿದ್ದಷ್ಟು ದಿನ ತನ್ನ ಮನೆಯ ಕೆಲಸ ಬಿಟ್ಟು ಹಾತ್ಸುಕೊಳ ಮನೆಯ ಮಾಡಿನ ಮೇಲಿನ ಹಿಮ ಎತ್ತಿದವನು. ಮಾಡಿನ ಮೇಲೆ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಾನೆ, ಅವಳ ಮುಂದೆ ನಿಂತು ಒಂದು ಮಾತು ಹೇಳಲು ಕಾಲು ಬರುವುದಿಲ್ಲ, ಅಷ್ಟೇ.

ಊರು ಇದನ್ನು ತನಗೆ ಬೇಕಾದ ಹಾಗೆ ಮಾತಾಡಿಕೊಂಡಿತು. ಅಮ್ಮನಿಗೆ ಮಗಳು ಮೇಷ್ಟ್ರಾಗುವುದು ಇಷ್ಟವಿಲ್ಲವಂತೆ, ಮದುವೆ ಮಾಡಬೇಕಂತೆ, ಸಮುದ್ರದ ಕಡೆಯವರ ಬುದ್ಧಿಯೇ ಹಾಗಂತೆ. ಮೂವತ್ತು ವರ್ಷ ಕಳೆದರೂ ಬೇಕಾದಾಗ ಅವಳು ಸಮುದ್ರದ ಕಡೆಯವಳೇ. ಟೋಪಿ ಇಲ್ಲದೆ ಟೋಪಿ ಇಡಲಾಗದು, ಆ ಒಂದು ದಿನ ತಪ್ಪಿದರೆ ಮಗಳಿಗೆ ಯೋಚಿಸಲು ಸಮಯ ಸಿಗುತ್ತದೆ ಅಂತ ಅವಳ ಲೆಕ್ಕ. ಬಡ ಲೆಕ್ಕ, ಆದರೆ ಅವಳ ಹತ್ತಿರ ಬೇರೆ ಇರಲಿಲ್ಲ.

ಬೆಟ್ಟ ತೆರೆಯುವ ಹಿಂದಿನ ದಿನ ಬೆಳಗ್ಗೆ ಹಾತ್ಸುಕೊ ಎಂದಿನಂತೆ ಟೀಗೆ ಬಂದಳು. ಕೂತವಳು ಏಪ್ರನ್ ಜೇಬಿನಿಂದ ಒಂದು ಕೆಂಪು ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಹೆಣಿಗೆ ಬಿಗಿಯಾಗಿ ಬಿದ್ದಿತ್ತು, ಅಂಚು ಎರಡು ಸುತ್ತು ಮಡಿಚಿತ್ತು. ಕಲಿಸಿದವಳ ಕೈ.

“ಹಾತ್ಸುಕೊ ಅಕ್ಕ, ಇದೇನು?”

“ಕಣ್ಣು ಕಾಣಲ್ವಾ ನಿಂಗೆ? ಟೋಪಿ. ನಿನ್ ಮಗಳಿಗೆ.” ಹಾತ್ಸುಕೊ ಟೀ ಕುಡಿದಳು. “ನಿನ್ ಕೈ ಯಾಕೆ ಬರ್ತಿಲ್ಲ ಅಂತ ನಂಗೊತ್ತಿಲ್ವೇನೇ? ನೀನು ಹೆಣೆದಿದ್ದು ಹಾಕ್ಕೊಂಡೇ ನನ್ ಮಗ ಬಿದ್ದಿದ್ದು. ಅದನ್ನ ಹೊಟ್ಟೇಲಿಟ್ಕೊಂಡು ಸಾಯ್ತಿದ್ದೀಯ. ನಿನ್ ಮೇಲೆ ನಂಗೇನೂ ಇಲ್ಲ ಕಣೇ. ಅದನ್ನ ಬಾಯಲ್ಲಿ ಹೇಳೋಕ್ ಬರಲ್ಲ ನಂಗೆ, ಅದಕ್ಕೇ ಹೆಣೆದೆ.”

ಫುಸಾಯೆಗೆ ಕಣ್ಣು ತುಂಬಿ ಬಂತು. ಆದರೂ ಟೋಪಿಯನ್ನು ಮುಟ್ಟಲಿಲ್ಲ. “ಅಕ್ಕ, ನಂಗೆ ಅವಳು ಹೆಲ್ಮೆಟ್ ಹಾಕ್ಕೋಬೇಕು ಅಂತ. ಬೇರೆ ಏನೂ ಇಲ್ಲ. ನೀನೂ ಒಂದ್ ಮಾತು ಅವಳಿಗೆ ಹೇಳಿದ್ರೆ ಕೇಳ್ತಾಳೆ. ನಿನ್ ಮಾತು ಮೀರಲ್ಲ.”

ಹಾತ್ಸುಕೊಳ ಲೋಟ ಮೇಜಿಗೆ ಬಡಿಯಿತು.

“ಡಾಕ್ಟರನ್ನ ಕೇಳಿದ್ದೆ ನಾನು. ತಲೆಗೆ ಹೆಲ್ಮೆಟ್ ಇದ್ದಿದ್ರೆ ನನ್ ಮಗ ಸರಿಯಾಗಿರ್ತಿದ್ನಾ ಅಂತ. ‘ಹೇಳೋಕ್ಕಾಗಲ್ಲಮ್ಮ’ ಅಂದ್ರು. ಆ ಒಂದ್ ಮಾತು ಹಿಡ್ಕೊಂಡು ನಾನು ಬೆಳಗ್ಗೆ ಏಳ್ತೀನಿ. ಒಲೆ ಹಚ್ತೀನಿ. ಅವನಿಗೆ ಷರ್ಟಿನ ಗುಂಡಿ ಹಾಕ್ತೀನಿ. ನಾಳೆ ನಿನ್ ಮಗಳು, ಮುಖ್ಯಸ್ಥರ ಮಗಳು, ಹೆಲ್ಮೆಟ್ ಹಾಕ್ಕೊಂಡು ಬೆಟ್ಟ ಇಳಿದ್ರೆ ಊರೆಲ್ಲ ಆ ಮಾತಿಗೆ ಉತ್ತರ ಕೊಟ್ಟ ಹಾಗಾಗತ್ತೆ. ‘ಹಾಕ್ಕೊಂಡಿದ್ರೆ ಸರಿಯಾಗಿರ್ತಿದ್ದ, ದಡ್ಡ, ಜಂಬ ಮಾಡ್ದ, ಹಾಳಾದ’ ಅಂತ. ನನ್ ಮಗ ದಡ್ಡ ಅಲ್ಲ ಫುಸಾಯೆ.”

“ಅಲ್ಲ ಅಕ್ಕ. ಅಲ್ಲವೇ ಅಲ್ಲ.”

“ಮತ್ತೆ ಟೋಪಿ ತಗೋ” ಅಂದಳು ಹಾತ್ಸುಕೊ. ಬೀದಿ ದಾಟಿ ಹೋದಳು.

ಹೇಳಬೇಕಾದ ಮಾತನ್ನು ಫುಸಾಯೆ ಹೇಳಿರಲಿಲ್ಲ. ನಿನ್ನ ಮಗ ದಡ್ಡ ಅಲ್ಲ, ಅವನು ಹಾಕಿಕೊಂಡೇ ಬಂದಿದ್ದ, ನಾವು ನಕ್ಕು ತೆಗೆಸಿದೆವು. ಈ ಮಾತು ಹೇಳಿದರೆ ಮಗಳು ಟೋಪಿ ಹಾಕಲಾರಳು, ಅದು ಫುಸಾಯೆಗೆ ಖಂಡಿತ ಗೊತ್ತು. ಹೇಳಿದರೆ ಹಾತ್ಸುಕೊ ಹಿಡಿದುಕೊಂಡಿರುವ ಆ ಒಂದೇ ಆಸರೆಯೂ ಕೈ ಬಿಡುತ್ತದೆ, ಅದೂ ಗೊತ್ತು. ಮೇಜಿನ ಮೇಲಿನ ಟೋಪಿಯನ್ನು ನೋಡುತ್ತಾ ಅವಳು ಟೀ ಆರುವವರೆಗೂ ಕೂತಳು. ಸ್ವಂತ ಮಗುವಿನ ತಲೆಗೂ ಗೆಳತಿಯ ನೆಮ್ಮದಿಗೂ ತೂಕ ಹಾಕಬೇಕಾದ ತಾಯಿಯ ಸಂಕಟ ಯಾರಿಗೂ ಬೇಡ.

ಮಧ್ಯಾಹ್ನ ಲಿಫ್ಟಿನ ಕೆಳಗೆ ಹಗ್ಗ ಕಟ್ಟುತ್ತಿದ್ದ ಕ್ಯೂಜೊನ ಹತ್ತಿರ ಹೋದಳು.

“ಹೇಳ್ಬಿಡೋಣ ರೀ.”

ಏನು ಅಂತ ಅವನು ಕೇಳಲಿಲ್ಲ. “ಹೇಳಿದ್ರೆ ಇಸಾಮು ಮೊದಲಿನ ಹಾಗೆ ಆಗ್ತಾನಾ?”

“ಇಲ್ಲ. ಚಿತೊಸೆ ಮೊದಲಿನ ಹಾಗೆ ಉಳೀತಾಳೆ.”

“ಅವಳು ಬೀಳಲ್ಲ. ನಾನೇ ಕಲಿಸಿದ್ದು.”

“ಇಸಾಮುಗೆ ಕಲಿಸಿದ್ದು ಯಾರು?”

ಕ್ಯೂಜೊ ಗಂಟು ಬಿಗಿಯುತ್ತಲೇ ಇದ್ದ. ಬಿಗಿದ ಗಂಟನ್ನೇ ಬಿಚ್ಚಿ ಮತ್ತೆ ಬಿಗಿದ. ಫುಸಾಯೆ ಮನೆಗೆ ವಾಪಸ್ಸು ಬಂದಳು. ಟೋಪಿಯನ್ನು ಮಗಳು ಆಗಲೇ ಕಂಡು ಎತ್ತಿಕೊಂಡಿದ್ದಳು. ಕನ್ನಡಿಯ ಮುಂದೆ ಹಾಕಿಕೊಂಡು ನೋಡಿ ಹಾಕಿಕೊಂಡು ನೋಡಿ, ಐದು ವರ್ಷದ ಮಗುವಿನ ಹಾಗೆ ನಗುತ್ತಿದ್ದಳು.

ಮಾರನೆಯ ಬೆಳಗ್ಗೆ ಬಿಸಿಲು ಬಿದ್ದಿತ್ತು. ಲಿಫ್ಟಿನ ಬುಡದಲ್ಲಿ ಊರೆಲ್ಲ ಸೇರಿತ್ತು. ಹೆಂಗಸರು ದೊಡ್ಡ ಹಂಡೆಯಲ್ಲಿ ಹಂದಿಮಾಂಸದ ಸಾರು ಇಟ್ಟಿದ್ದರು, ಬಡಿಸುವ ಸೌಟು ಫುಸಾಯೆಯ ಕೈಯಲ್ಲಿ. ಪೂಜಾರಿ ಬೆಟ್ಟದ ಕಡೆ ತಿರುಗಿ ಮಂತ್ರ ಹೇಳಿ ಹಿಮದ ಮೇಲೆ ಅಕ್ಕಿಯ ಮದ್ಯ ಚಿಮುಕಿಸಿದರು. ಮೇಷ್ಟ್ರುಗಳು ಸಾಲಾಗಿ ನಿಂತಿದ್ದರು, ಎಲ್ಲ ತಲೆಗಳೂ ಕೆಂಪು, ಒಂದು ತಲೆ ಮಾತ್ರ ಬರಿದು. ಹಾತ್ಸುಕೊ ಎದುರಿನ ಸಾಲಿನಲ್ಲಿ ಮಗನ ತೋಳು ಹಿಡಿದು ನಿಂತಿದ್ದಳು. ಇಸಾಮು ಎಲ್ಲರಿಗೂ ಕೈ ಬೀಸುತ್ತಿದ್ದ.

ಕ್ಯೂಜೊ ಮಗಳ ಮುಂದೆ ಬಂದು ನಿಂತು ಎರಡೂ ಕೈಯಲ್ಲಿ ಟೋಪಿ ಎತ್ತಿದ.

“ಸ್ವಲ್ಪ ತಾಳಿ” ಅಂದಳು ಫುಸಾಯೆ.

ದನಿ ತನ್ನದೇ ಅಂತ ಅವಳಿಗೆ ಅನ್ನಿಸಲಿಲ್ಲ. ಸೌಟು ಹಿಡಿದುಕೊಂಡೇ ಸಾಲಿನ ನಡುವೆ ಬಂದು ನಿಂತಿದ್ದಳು. ಯಾರೋ “ಸಾರು ಉಕ್ತಿದ್ಯಾ?” ಅಂದು ನಕ್ಕರು. ಫುಸಾಯೆ ಮಗಳ ಕಡೆ ನೋಡಲಿಲ್ಲ, ಗಂಡನ ಕಡೆ ನೋಡಲಿಲ್ಲ, ಹಾತ್ಸುಕೊಳ ಕಡೆ ತಿರುಗಿದಳು.

“ಅಕ್ಕ, ಇಸಾಮು ದಡ್ಡ ಅಲ್ಲ. ಅವನು ಬೀಳೋದಕ್ಕೆ ಒಂದ್ ವರ್ಷ ಮುಂಚೆ ಹೆಲ್ಮೆಟ್ ತಗೊಂಡಿದ್ದ. ಹಾಕ್ಕೊಂಡು ಶಾಲೆಗೆ ಬಂದಿದ್ದ. ನಾವು ನಕ್ವಿ. ಬೀಳೋಕ್ ಬಂದ್ಯಾ ಅಂತ ನಕ್ರು ಇವ್ರು. ಅನ್ನದ ಪಾತ್ರೆ ಹೊತ್ಕೊಂಡ್ ಬಂದ್ಯಾ ಅಂತ ನಾನಂದೆ. ನನ್ ಮಾತಿಗೇ ಎಲ್ರೂ ಜಾಸ್ತಿ ನಕ್ಕಿದ್ದು. ಅವನು ತೆಗೆದ್ಬಿಟ್ಟ. ಅವನಿಗೆ ಬುದ್ಧಿ ಇತ್ತು ಅಕ್ಕ. ನಮಗೆ ಇರ್ಲಿಲ್ಲ.”

ಹಂಡೆಯ ಸಾರು ಕುದಿಯುವ ಸದ್ದು ಕೇಳುತ್ತಿತ್ತು. ಹಾತ್ಸುಕೊ ಫುಸಾಯೆಯನ್ನು ನೋಡಲಿಲ್ಲ. ಕ್ಯೂಜೊನನ್ನು ನೋಡಿದಳು.

“ಹೌದಾ?”

ಅವನು ಇಲ್ಲ ಅನ್ನಬಹುದಿತ್ತು. ಸಾಲಿನಲ್ಲಿದ್ದ ಯಾರೂ ಬಾಯಿ ಬಿಡುತ್ತಿರಲಿಲ್ಲ, ಎಲ್ಲರೂ ತಮ್ಮ ತಮ್ಮ ಬೂಟು ನೋಡುತ್ತಿದ್ದರು. ಹೆಂಡತಿಗೆ ಚಳಿ ತಲೆಗೇರಿದೆ ಅಂದಿದ್ದರೆ ಊರು ನಂಬುತ್ತಿತ್ತು. ಅವನು ಟೋಪಿ ಹಿಡಿದ ಕೈಯನ್ನು ಕೆಳಗಿಳಿಸಿದ.

“ಹೌದು” ಅಂದ. “ನಾನೇ ಶುರು ಮಾಡಿದ್ದು.”

“ನೀಲಿದು” ಅಂದ ಇಸಾಮು.

ಎಲ್ಲರೂ ಅವನ ಕಡೆ ತಿರುಗಿದರು. ಬೆಳಗ್ಗೆ ತಿಂದದ್ದು ನೆನಪಿಲ್ಲದ ಇಸಾಮು ತನ್ನ ತಲೆಯನ್ನು ಎರಡೂ ಅಂಗೈಯಲ್ಲಿ ಮುಟ್ಟಿಕೊಂಡು ನಗುತ್ತಿದ್ದ. “ನೀಲಿ ಹೆಲ್ಮೆಟ್. ಇಲ್ಲಿ ಕಿವಿ ಹತ್ರ ಬಿಗಿ. ಆದ್ರೆ ಬೆಚ್ಚಗಿತ್ತು. ಚೆನ್ನಾಗಿತ್ತು ಅಲ್ವಾ ಮೇಷ್ಟ್ರೇ?”

ಹಾತ್ಸುಕೊ ಮಗನ ಕೈಗಳನ್ನು ಮೆಲ್ಲಗೆ ತಲೆಯಿಂದ ಕೆಳಗಿಳಿಸಿದಳು. “ನಮ್ ಹಿತ್ತಲ ಕೊಟ್ಟಿಗೇಲಿ ಒಂದು ನೀಲಿ ಹೆಲ್ಮೆಟ್ ಇದೆ” ಅಂದಳು, ಯಾರಿಗೋ ದಾರಿ ಹೇಳುವವಳಂತೆ. “ಸೈಕಲ್ಲಿಂದು ಅನ್ಕೊಂಡಿದ್ದೆ. ಅದ್ರಲ್ಲಿ ಈರುಳ್ಳಿ ಇಟ್ಟಿದ್ದೀನಿ.”

ಕ್ಯೂಜೊ ಹಿಮದಲ್ಲಿ ಮಂಡಿಯೂರಿದ. ಹಣೆ ನೆಲಕ್ಕೆ ಮುಟ್ಟುವಷ್ಟು ಬಾಗಿದ, ಎದ್ದೇಳಲಿಲ್ಲ. ಚಿತೊಸೆ ಬಗ್ಗಿ, ಅಪ್ಪನ ಬೆರಳುಗಳ ನಡುವಿನಿಂದ ಟೋಪಿಯನ್ನು ಬಿಡಿಸಿಕೊಂಡು, ಎರಡೂ ಕೈಯಲ್ಲಿ ಹಾತ್ಸುಕೊಗೆ ಹಿಂದಕ್ಕೆ ಕೊಟ್ಟಳು. ಬಾಡಿಗೆ ಅಂಗಡಿಗೆ ನಡೆದು, ಕಲಿಯುವ ಮಕ್ಕಳಿಗೆ ಕೊಡುವ ಹೆಲ್ಮೆಟ್ಟುಗಳಲ್ಲಿ ತನಗಾಗುವಂಥದನ್ನು ಹುಡುಕಿ ಹಾಕಿಕೊಂಡು, ಪಟ್ಟಿ ಬಿಗಿದುಕೊಂಡು ಲಿಫ್ಟ್ ಹತ್ತಿದಳು. ಒಬ್ಬರೂ ನಗಲಿಲ್ಲ. ಸಾಲಿನಲ್ಲಿದ್ದ ಇಬ್ಬರು ಕಿರಿಯ ಮೇಷ್ಟ್ರುಗಳು ಟೋಪಿ ತೆಗೆದು ಜೇಬಿಗೆ ತುರುಕಿಕೊಂಡು ಅವಳ ಹಿಂದೆಯೇ ಅಂಗಡಿಗೆ ಹೋದರು.

ಫುಸಾಯೆ ಬೇಡಿಕೊಂಡದ್ದು ಇದನ್ನೇ. ಆದರೆ ಹಾತ್ಸುಕೊ ಬಂದು ಅವಳ ಮುಂದೆ ನಿಂತಿದ್ದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ದನಿಯಲ್ಲಿ ಜೋರಿರಲಿಲ್ಲ. ಆ ದನಿಯನ್ನು ಫುಸಾಯೆ ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

“ನಿನ್ ಮಗಳನ್ನ ಉಳಿಸ್ಕೊಂಡೆ. ನಾನೂ ಅದನ್ನೇ ಮಾಡ್ತಿದ್ದೆ, ಬಿಡು. ಆದ್ರೆ ಒಂದು ತಿಳ್ಕೊ. ಇಷ್ಟು ದಿನ ಅದು ಕೆಟ್ಟ ಗಳಿಗೆ ಆಗಿತ್ತು. ಕೆಟ್ಟ ಗಳಿಗೆ ಜೊತೆ ಹೇಗೋ ಬದುಕ್ಬೋದಿತ್ತು, ಅದಕ್ಕೆ ಮುಖ ಇರ್ಲಿಲ್ಲ. ಈಗ ಅದಕ್ಕೆ ಮುಖ ಇದೆ. ಎದುರುಮನೇಲೇ ಇದೆ. ಬೆಳಗ್ಗೆ ಬಾಗಿಲು ತೆಗೆದ್ರೆ ನಂಗೆ ಮೊದಲು ಕಾಣೋದು ಅದೇ.”

ಫುಸಾಯೆ ಏನೋ ಹೇಳಲು ಬಾಯಿ ತೆರೆದಳು.

“ಬೇಡ” ಅಂದಳು ಹಾತ್ಸುಕೊ. “ಇವತ್ತಿಗೆ ಹೇಳಿದ್ದು ಸಾಕು.”

ಅವಳು ಮಗನ ತೋಳು ಹಿಡಿದು ಊರಿನ ಕಡೆ ಇಳಿದು ಹೋದಳು. ಇಸಾಮು ಹಿಂದಕ್ಕೆ ತಿರುಗಿ ತಿರುಗಿ ಕೈ ಬೀಸುತ್ತಿದ್ದ. ಫುಸಾಯೆಯೂ ಬೀಸಿದಳು.